ಆನ್‌ಲೈನ್ ಗೇಮ್ ಆಡಲು ಎಂಥ ಮೌಸ್ ಒಳ್ಳೆಯದು?

ಮೊದಲು ನೋಡಬೇಕಾದ್ದು ಡಿಪಿಐ (ಕೈ ಅಲುಗಿದರೆ ಕರ್ಸರ್ ಎಷ್ಟು ದೂರ ಓಡುತ್ತದೆ ಅನ್ನುವ ಅಳತೆ) ಅಲ್ಲ, ನಿಮ್ಮ ಕೈ. ಅಂಗೈ ಪೂರ್ತಿ ಊರಿ ಹಿಡಿಯುವವರಿಗೆ ಉದ್ದವಾದ, ಬೆನ್ನು ಉಬ್ಬಿದ ಮೌಸ್ ಹಿತ. ಬೆರಳ ತುದಿಯಲ್ಲೇ ಆಡಿಸುವವರಿಗೆ ಚಿಕ್ಕದು, ಹಗುರವಾದದ್ದು ಬೇಕು. ಕೈಗೆ ಒಗ್ಗದ ಮೌಸ್ ಹಿಡಿದು ಎರಡು ಗಂಟೆ ಆಡಿದರೆ ಮಣಿಕಟ್ಟು ನೋಯುತ್ತದೆ, ಗುರಿಯೂ ತಪ್ಪುತ್ತದೆ.

ಡಬ್ಬಿಯ ಮೇಲೆ 25,000 ಡಿಪಿಐ ಅಂತ ಇದ್ದರೆ ಸುಮ್ನೆ ಮರುಳಾಗಬೇಡಿ. ಶೂಟಿಂಗ್ ಗೇಮ್‌ಗಳಲ್ಲಿ ಪಳಗಿದವರು ಹೆಚ್ಚಾಗಿ 400ರಿಂದ 1600ರ ಒಳಗೇ ಇಟ್ಟುಕೊಳ್ಳುತ್ತಾರೆ. ಪೋಲಿಂಗ್ ರೇಟ್ (ಮೌಸ್ ಸೆಕೆಂಡಿಗೆ ಎಷ್ಟು ಸಲ ಕಂಪ್ಯೂಟರಿಗೆ ಸುದ್ದಿ ಕೊಡುತ್ತದೆ ಅನ್ನುವುದು) ಮಾತ್ರ 1000 ಹರ್ಟ್ಜ್ ಇರಲಿ. ಆಗ ಮೌಸ್ ತನ್ನ ಚಲನೆಯನ್ನು 1 ಮಿಲಿಸೆಕೆಂಡಿಗೊಮ್ಮೆ ತಿಳಿಸುತ್ತದೆ. 125 ಹರ್ಟ್ಜ್ ಆದರೆ 8 ಮಿಲಿಸೆಕೆಂಡಿಗೊಮ್ಮೆ. ವ್ಯತ್ಯಾಸ ಜಾಸ್ತಿ ಅಲ್ವಾ?

ವೈರ್‌ಲೆಸ್ ಬೇಕಿದ್ದರೆ 2.4 ಗಿಗಾಹರ್ಟ್ಜ್ ಡಾಂಗಲ್ (ಕಂಪ್ಯೂಟರಿಗೆ ಸಿಕ್ಕಿಸುವ ಪುಟ್ಟ ರಿಸೀವರ್) ಇರುವುದನ್ನೇ ತೆಗೆದುಕೊಳ್ಳಿ, ಬ್ಲೂಟೂತ್ ಗೇಮ್‌ಗೆ ನಿಧಾನ.