"ಮೇಡಂ, ಗೆಸ್ಟ್ ಬಂದಿದಾರೆ, ಕಳಿಸಲಾ?"

ಈ ವಾರ ಬಂದ ಒಂದು ಪತ್ರ ನನ್ನನ್ನು ತುಂಬಾ ಕಾಡಿದೆ. ಬರೆದವರು ವೈಟ್‌ಫೀಲ್ಡ್ ಕಡೆಯ ಅಪಾರ್ಟ್‌ಮೆಂಟಿನಲ್ಲಿರುವ ಸೊಸೆ. ಗಂಡ ಹೆಂಡತಿ ಇಬ್ಬರೂ ಕೆಲಸದಲ್ಲಿದ್ದಾರೆ. ಅತ್ತೆ ತೀರಿಕೊಂಡ ಮೇಲೆ ಬಸವನಗುಡಿಯ ಮನೆ ಮಾರಿ 72 ವರ್ಷದ ಮಾವನವರನ್ನು ಕರೆತಂದಿದ್ದಾರೆ. ಅವರು ತಿಂಡಿ ಆದ ಕೂಡಲೇ ಮೆಟ್ರೋ ಹತ್ತಿದರೆ ಬರುವುದು ಕತ್ತಲಾದ ಮೇಲೆ. "ನಾನು ಸರಿಯಾಗಿ ನೋಡಿಕೊಳ್ಳಲ್ಲ ಅಂತ ಜನ ಅಂದುಕೊಳ್ತಾರೆ, ಏನು ಮಾಡಲಿ ಅಕ್ಕಾ?"

ತಾಯಿ, ನೀವು ಒಂದು ಮಾತನ್ನು ಸುಮ್ನೆ ಬರೆದು ಮುಂದೆ ಹೋಗಿದ್ದೀರಿ. ಸಂಜೆ ಮೀಟಿಂಗ್ ಮಧ್ಯೆ ಸೆಕ್ಯೂರಿಟಿಯವರು "ಗೆಸ್ಟ್ ಬಂದಿದಾರೆ" ಅಂತ ಫೋನ್ ಮಾಡುತ್ತಾರೆ, ನೀವು ಓಕೆ ಅಂದರೇನೇ ಮಾವನವರನ್ನು ಒಳಗೆ ಬಿಡುವುದು. ಅಂದರೆ ಗೇಟಿನ ಆಪ್‌ನಲ್ಲಿ ಅವರ ಹೆಸರು ಮನೆಯವರ ಪಟ್ಟಿಯಲ್ಲೇ ಇಲ್ಲ! ನಿಮಗೆ ಅಂತ ಬಸವನಗುಡಿಯ ಗಾಂಧಿ ಬಜಾರಿನಿಂದ ಮಲ್ಲಿಗೆ ತರುತ್ತಾರೆ ಅಂತ ನೀವೇ ಬರೆದಿದ್ದೀರಿ. ಆ ಹೂವಿನ ಪೊಟ್ಟಣ ಹಿಡಿದುಕೊಂಡು, ಡೆಲಿವರಿ ಹುಡುಗರ ಸಾಲಲ್ಲಿ, ತಮ್ಮ ಮನೆಗೆ ಹೋಗೋಕೆ ಕಾಯುತ್ತಾ ನಿಂತಿರುತ್ತಾರೆ.

2023ರ ಅಕ್ಟೋಬರಿನಿಂದ ವೈಟ್‌ಫೀಲ್ಡ್ ಕಡೆಯ ಮೆಟ್ರೋ, ಅಂದರೆ ನೇರಳೆ ಮಾರ್ಗ, ಪೂರ್ತಿ ಓಡುತ್ತಿದೆ, ನಿಜ. ಆದರೂ ಮೆಜೆಸ್ಟಿಕ್‌ನಲ್ಲಿ ಇಳಿದು ಹಸಿರು ಮಾರ್ಗ ಹಿಡಿದು ಬಸವನಗುಡಿಯ ನ್ಯಾಷನಲ್ ಕಾಲೇಜು ನಿಲ್ದಾಣಕ್ಕೆ ಹೋಗಬೇಕು. ಈ ವಯಸ್ಸಲ್ಲಿ ದಿನಾ ಅಷ್ಟು ದೂರ ಹೋಗುತ್ತಾರೆ ಅಂದರೆ, ಅಲ್ಲಿ ಅವರನ್ನು ಯಾರೂ "ಯಾವ ಫ್ಲ್ಯಾಟ್ ಸಾರ್?" ಅಂತ ಕೇಳಲ್ಲ, ಅದಕ್ಕೇ.

ನಿಮ್ಮ ಮೇಲೆ ನನಗೆ ಕೋಪವಿಲ್ಲ. ಕೋಪ ಇರೋದು ನಿಮ್ಮ ಗಂಡನ ಮೇಲೆ. ಇಷ್ಟುದ್ದ ಪತ್ರದಲ್ಲಿ ಅವರ ಬಗ್ಗೆ ಇರುವುದು ಒಂದೇ ಸಾಲು, "ಅವರು ಇದಕ್ಕೆಲ್ಲ ತಲೆ ಹಾಕಲ್ಲ." ಅಪ್ಪ ಅವರದು. ಬಸವನಗುಡಿ ಮನೆಯ ದುಡ್ಡಲ್ಲಿ ತೀರಿದ್ದು ಅವರ ಲೋನು. ಜನರ ಮಾತು ಮಾತ್ರ ನಿಮ್ಮ ಪಾಲಿಗೆ, ಅಲ್ವಾ? ಹಿರಿಯರ ಪಾಲನೆಗೆಂದು 2007ರಲ್ಲಿ ಬಂದ ಕಾಯ್ದೆ ಕೂಡ ಮಕ್ಕಳು ಅಂದರೆ ಮಗ, ಮಗಳು, ವಯಸ್ಸಿಗೆ ಬಂದ ಮೊಮ್ಮಕ್ಕಳು ಎನ್ನುತ್ತದೆ. ಸೊಸೆಯ ಹೆಸರು ಅಲ್ಲಿಲ್ಲ. ಇದನ್ನು ಅವರಿಗೆ ಓದಿ ಹೇಳಿ.

ಮನೆಯ ಪ್ರತಿಯೊಬ್ಬರ ಹತ್ತಿರವೂ ಒಂದು ಬೀಗದ ಕೈ ಇರಬೇಕು. ಇದನ್ನು ಇಲ್ಲಿ ಎಷ್ಟು ಸಲ ಬರೆದಿದ್ದೇನೋ, ಇನ್ನೂ ಬರೆಯುತ್ತೇನೆ.

ಮಾವನವರಿಗೆ ಬುದ್ಧಿ ಹೇಳೋಕೆ ಹೋಗಬೇಡಿ. ಅವರ ಓಡಾಟ ನಿಲ್ಲಿಸಬೇಡಿ. ಇವತ್ತು ರಾತ್ರಿ ನಿಮ್ಮ ಗಂಡ ಆ ಆಪ್ ತೆಗೆದು ಅಪ್ಪನ ಹೆಸರನ್ನು ಮನೆಯವರ ಪಟ್ಟಿಗೆ ಸೇರಿಸಲಿ. ನಾಳೆ ಒಂದು ಬೀಗದ ಕೈ ಮಾಡಿಸಿ ಅಪ್ಪನಿಗೆ ಕೊಡಲಿ. ನೀವು ಕೊಡಬೇಡಿ, ಮಗನೇ ಕೊಡಬೇಕು.