ಕಾಫಿ ತೋಟಕ್ಕೆ ವರ್ಷ ವರ್ಷ ಕಳೆನಾಶಕ ಹೊಡೆದರೆ ಮಣ್ಣಿನ ಸೂಕ್ಷ್ಮಜೀವಿಗಳು ಸಾಯುತ್ತವೆಯೇ?

ಎಲ್ಲವೂ ಸಾಯುವುದಿಲ್ಲ. ಹಾಗಂತ ಏನೂ ಆಗಲ್ಲ ಅನ್ನುವ ಮಾತನ್ನೂ ನಂಬಬೇಡಿ.

ಗ್ಲೈಫೋಸೇಟ್ ಎಂಬ ಕಳೆನಾಶಕವನ್ನೇ ತೆಗೆದುಕೊಳ್ಳಿ. ಗಿಡ ಮೂರು ಅಮೈನೋ ಆಮ್ಲಗಳನ್ನು ತಯಾರಿಸಲು ಬೇಕಾದ ಒಂದು ಕಿಣ್ವವನ್ನು ಅದು ತಡೆಯುತ್ತದೆ. ಆ ಕಿಣ್ವ ನಮ್ಮಲ್ಲಿ, ದನಗಳಲ್ಲಿ ಇಲ್ಲ. ಆದರೆ ಮಣ್ಣಿನ ಎಷ್ಟೋ ಬ್ಯಾಕ್ಟೀರಿಯಾ, ಶಿಲೀಂಧ್ರಗಳಲ್ಲಿ ಇದೆ. ಕೆಲವಕ್ಕೆ ಏಟು ಬೀಳುತ್ತದೆ, ಇನ್ನು ಕೆಲವು ಅದನ್ನೇ ತಿಂದು ಹೆಚ್ಚುತ್ತವೆ. ಹಾಗಾಗಿ ಒಟ್ಟು ಲೆಕ್ಕ ಅಷ್ಟೇ ಇದ್ದರೂ ಒಳಗಿನ ಬಳಗ ಬದಲಾಗಿರಬಹುದು.

ಕೊಡಗಿನ ಕೆಂಪು, ಹುಳಿ ಮಣ್ಣಿನಲ್ಲಿ ಕಬ್ಬಿಣ, ಅಲ್ಯೂಮಿನಿಯಂ ಜಾಸ್ತಿ ಅಲ್ವಾ? ಗ್ಲೈಫೋಸೇಟ್ ಅವಕ್ಕೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಅಂಟಿದಾಗ ಅದರ ಕಾಟ ಕಮ್ಮಿ. ಆದರೆ ಸೂಕ್ಷ್ಮಜೀವಿಗಳ ಬಾಯಿಗೆ ಸಿಗದೆ ಒಡೆಯುವುದೂ ನಿಧಾನ. ರಂಜಕದ ಗೊಬ್ಬರ ಬಿದ್ದರೆ ಅದು ಆ ಜಾಗ ಕಿತ್ತುಕೊಂಡು ಸ್ವಲ್ಪ ವಿಷವನ್ನು ಮತ್ತೆ ಬಿಡಿಸಲೂಬಹುದು.

ನನ್ನ ಪ್ರಕಾರ ದೊಡ್ಡ ನಷ್ಟ ಬೇರೆ ಕಡೆ ಇದೆ. ಕಾಫಿ ಬುಡದ ತರಗೆಲೆ ಎತ್ತಿ ನೋಡಿ: ಬಿಳಿ ನೂಲಿನಂಥ ಶಿಲೀಂಧ್ರ, ಹಸಿ ಮಣ್ಣಿನ ವಾಸನೆ. ಕಳೆ ಪೂರ್ತಿ ಸುಟ್ಟ ಇಳಿಜಾರಿನಲ್ಲಿ ಬೇರಿನ ಆಸರೆ ಹೋಗುತ್ತದೆ, ಮಳೆಗಾಲದಲ್ಲಿ ಆ ಮೇಲ್ಮಣ್ಣೇ ತೋಡು ಸೇರುತ್ತದೆ. ಸೂಕ್ಷ್ಮಜೀವಿಗಳು ಹೆಚ್ಚಾಗಿ ಇರುವುದೇ ಅಲ್ಲಿ.

ಕೂಲಿಯವರು ಸಿಗಲ್ಲ, ಗೊತ್ತು. ಆದರೂ ಮಿಷನ್‌ನಲ್ಲಿ ಕಳೆ ಕೊಚ್ಚಿ ಅಲ್ಲೇ ಬಿಡಿ. ಹೊಡೆಯಲೇಬೇಕಾದರೆ ಬೇಕಾದ ಕಡೆ ಮಾತ್ರ. ಮೆಣಸಿನ ಬಳ್ಳಿಗೆ ಟ್ರೈಕೋಡರ್ಮಾ (ರೋಗ ತಡೆಯುವ ಉಪಕಾರಿ ಶಿಲೀಂಧ್ರ) ಕೊಟ್ಟು ಅದೇ ವಾರ ಬುಡಕ್ಕೆ ಕಳೆನಾಶಕ ಹೊಡೆಯುವವರಿದ್ದಾರೆ, ಆ ಶಿಲೀಂಧ್ರಕ್ಕೂ ಏಟು ಬಿದ್ದು ಸುಮ್ನೆ ದುಡ್ಡು ದಂಡ ಆಗಬಹುದು.