ಮಾಸ್ತರಿಕೆ ಮಾಡಿದರೆ ಕಲಾವಿದ ಅಲ್ವಾ?

ಗಂಗಾವತಿಯ ಓದುಗರೊಬ್ಬರು ಸಿಟ್ಟಿನಲ್ಲೇ ಪತ್ರ ಬರೆದಿದ್ದಾರೆ. ಹೋದ ಸಂಚಿಕೆಯಲ್ಲಿ ಅಮೆರಿಕದ ಜಾಝ್ ಸಂಗೀತದ ಸ್ಯಾಕ್ಸೋಫೋನ್ ವಾದಕ ರುದ್ರೇಶ್ ಮಹಾಂತಪ್ಪ ಅವರ ಬಗ್ಗೆ ಬರೆದಿದ್ದೆವು. ಅದನ್ನು ಓದಿ ಇವರ ಅಳಿಯ, ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುವ ಹುಡುಗ, ತಾನೂ ಜಾಝ್ ಕಲಿಯುತ್ತೇನೆ ಅಂತ ಹಟ ಹಿಡಿದಿದ್ದಾನಂತೆ. "ಅಷ್ಟು ದೊಡ್ಡವರೇ ಕಡೆಗೆ ಮಾಸ್ತರಿಕೆ ಮಾಡಿ ಹೊಟ್ಟೆ ಹೊರೆಯಬೇಕಾದರೆ, ನಮ್ಮ ಹುಡುಗನ ಗತಿ ಏನು? ಸುಮ್ನೆ ಆಸೆ ಹುಟ್ಟಿಸಬೇಡಿ" ಅಂತ ನಮ್ಮನ್ನು ಬೈದಿದ್ದಾರೆ.

ಯಜಮಾನರೇ, ಬೈಗುಳ ಒಪ್ಪಿಕೊಳ್ಳೋಣ. ಆದರೆ "ಕಡೆಗೆ" ಅಂದಿರಲ್ಲ, ಅದನ್ನು ಒಪ್ಪುವುದಿಲ್ಲ. ಮಹಾಂತಪ್ಪ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಜಾಝ್ ಕಲಿಕೆಯ ಹೊಣೆ ಹೊತ್ತದ್ದು ಕೈ ಸೋತ ಮೇಲೆ ಅಲ್ಲ, ಹೆಸರು ಏರುತ್ತಿದ್ದಾಗಲೇ. ಜಾಝ್‌ನಲ್ಲಿ ನುಡಿಸುವುದು, ರಚಿಸುವುದು, ಕಲಿಸುವುದು ಬೇರೆ ಬೇರೆ ಅಂಗಡಿಗಳಲ್ಲ.

ಯಾಕೆ ಅಂತ ಹೇಳುತ್ತೇನೆ. ನಮ್ಮ ರಾಗಸಂಗೀತದಲ್ಲಿ ಷಡ್ಜ, ಅಂದರೆ 'ಸ', ಕದಲುವುದಿಲ್ಲ. ಜಾಝ್‌ನಲ್ಲಿ ಕೆಳಗಿನ ಕಾರ್ಡ್‌ಗಳು, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪುಗಳು, ಒಂದಾದ ಮೇಲೊಂದು ಬದಲಾಗುತ್ತಲೇ ಇರುತ್ತವೆ. ಅದರ ಮೇಲೆ ವಾದಕ ಅಲ್ಲೇ, ಆಗಲೇ ಹೊಸ ರಾಗದ ಎಳೆ ಹೊಸೆಯಬೇಕು. ಅಂದರೆ ನುಡಿಸುವವನು ಅರ್ಧ ರಚನೆಕಾರ. ನಮ್ಮ ಕಂಪನಿ ನಾಟಕದವರು ಗೊತ್ತಿರುವ ಧಾಟಿಗೆ ಹೊಸ ಪದ ಕೂಡಿಸುತ್ತಿದ್ದರಲ್ಲ, ಅಮೆರಿಕದ ಜಾಝ್ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಪಾರ್ಕರ್ ಅದನ್ನೇ ತಿರುಗಾಮುರುಗಾ ಮಾಡಿದ. ಗೊತ್ತಿರುವ ಹಾಡಿನ ಕಾರ್ಡ್‌ಗಳನ್ನು ಹಾಗೇ ಇಟ್ಟು, ಮೇಲೆ ಹೊಸ ಮಟ್ಟು ಕೂರಿಸಿದ. 'ಚೆರೋಕೀ' ಎಂಬ ಹಾಡು 1945ರಲ್ಲಿ ಅವನ ಕೈಯಲ್ಲಿ 'ಕೊ-ಕೊ' ಆಯಿತು. ಇದರಲ್ಲಿ ದುಡ್ಡಿನ ಲೆಕ್ಕವೂ ಇತ್ತು. ಧಾಟಿಗೆ ಹಕ್ಕುದಾರರಿರುತ್ತಾರೆ, ಕಾರ್ಡ್‌ಗಳ ಸಾಲಿಗೆ ಇರುವುದಿಲ್ಲ. ಹಾಗಾಗಿ ರೆಕಾರ್ಡ್ ಕಂಪನಿಗೆ ಹಳೇ ಹಾಡಿನವರಿಗೆ ಕಾಸು ಕೊಡುವ ತಾಪತ್ರಯ ಇರಲಿಲ್ಲ!

ಮಹಾಂತಪ್ಪ 2015ರ 'ಬರ್ಡ್ ಕಾಲ್ಸ್' ಆಲ್ಬಮ್‌ನಲ್ಲಿ ಅದೇ ಪಾರ್ಕರ್‌ನ ರಚನೆಗಳನ್ನು ಬಿಚ್ಚಿ, ತುಣುಕುಗಳಿಂದ ತಮ್ಮವನ್ನು ಕಟ್ಟಿದರು. ಹಾಗೆ ಬಿಚ್ಚಿ ನೋಡುವುದೇ ಪಾಠ. ಒಬ್ಬರೇ ಕೂತು ಮಾಡಿದರೆ ರಿಯಾಜ್, ಹುಡುಗರ ಮುಂದೆ ಮಾಡಿದರೆ ತರಗತಿ. ಗದಗಿನ ಪುಟ್ಟರಾಜ ಗವಾಯಿಗಳು ಜೀವನವಿಡೀ ಕಲಿಸಿದರು. ಅವರನ್ನು ಯಾರಾದರೂ ಬರೀ ಮಾಸ್ತರು ಅಂದದ್ದುಂಟಾ?

ಇನ್ನು ನಿಮ್ಮ ಅಳಿಯನ ವಿಷಯ. ಮದುವೆ ಬ್ಯಾಂಡನ್ನು ಕೀಳು ಅಂದುಕೊಳ್ಳಬೇಡಿ. ಕದ್ರಿ ಗೋಪಾಲನಾಥ್ ನಾಗಸ್ವರದವರ ಮಗ. ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮರುಳಾದರು. ಅದರಲ್ಲೇ ಗಮಕ ಹೊರಡಿಸಿ, 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಸಂಗೀತೋತ್ಸವದವರೆಗೆ ಹೋದರು. ಅವರೂ ಮಹಾಂತಪ್ಪನವರೂ ಜೊತೆಗೂಡಿ ಮಾಡಿದ 'ಕಿನ್ಸ್‌ಮೆನ್' ಆಲ್ಬಮ್ 2008ರಲ್ಲಿ ಬಂತು. ಹುಡುಗನಿಗೆ ಮೊದಲು ಅದನ್ನು ಕೇಳಿಸಿ. ನೀವೂ ಕೇಳಿ.

ಕ್ಲಾರಿನೆಟ್ ಬಂದವನಿಗೆ ಸ್ಯಾಕ್ಸೋಫೋನ್ ದೂರವಲ್ಲ. ಎರಡರಲ್ಲೂ ಊದಿದಾಗ ಅದುರುವ ರೀಡ್ ಒಂಟಿ ಪಟ್ಟಿಯದು. ಬೆರಳಿನ ಲೆಕ್ಕವಂತೂ ಸ್ಯಾಕ್ಸೋಫೋನ್‌ನಲ್ಲೇ ಸುಲಭ, ಕೆಳಗಿನ ಸ್ಥಾಯಿಯ ಬೆರಳುಗಳೇ ಹೆಚ್ಚುಕಡಿಮೆ ಮೇಲಿನದಕ್ಕೂ ನಡೆಯುತ್ತವೆ. ಆದರೆ ಸ್ಟಾಫ್ ನೊಟೇಶನ್, ಅಂದರೆ ಐದು ಗೆರೆಗಳ ಪಾಶ್ಚಾತ್ಯ ಸ್ವರಲಿಪಿ, ಓದಲು ಬರಲೇಬೇಕು, ಅದಿಲ್ಲದೆ ಮುಂದೆ ಕಲಿಸುವ ಕೆಲಸ ಸಿಗುವುದು ಕಷ್ಟ. ಬರೀ ಕಛೇರಿ ನಂಬಿ ಬದುಕುವ ಜಾಝ್‌ನವರು ಅಮೆರಿಕದಲ್ಲೇ ಕಡಿಮೆ. ಕೊಪ್ಪಳದಲ್ಲಿ ಕೇಳಬೇಕೇ? ಆದ್ದರಿಂದ ಮದುವೆ ಸೀಜನ್ ಬಿಡುವುದು ಬೇಡ. ಬಿಡುವಿದ್ದಾಗ ಬ್ಯಾಂಡಿನ ಸಣ್ಣ ಹುಡುಗರಿಗೆ ಸ್ವರ ಹೇಳಿಕೊಡಲಿ.

ಕಲಿಯಲು ಪಾರ್ಕರ್‌ನ 'ನೌಸ್ ದ ಟೈಮ್' ಒಳ್ಳೆಯದು. 12 ಬಾರ್‌ನ, ಅಂದರೆ 12 ಆವರ್ತದ, ಬ್ಲೂಸ್ ಎಂಬ ಹಾಡಿನ ಚೌಕಟ್ಟು, ಮಟ್ಟು ಚಿಕ್ಕದು. ಪುಸ್ತಕ ನೋಡದೆ ಕಿವಿಯಿಂದಲೇ ಹಿಡಿಯಲಿ, ಆಮೇಲೆ ಕಾಗದದ ಮೇಲೆ ಇಳಿಸಲಿ. ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಮುಂದಿನ ಪತ್ರ ಅವನೇ ಬರೆಯಲಿ, ನೀವು ಬೇಡ.

— ಸಂಪಾದಕ